ನಲವತ್ತಾರನೆಯ ದಿನ

ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ತಿಂಗಳೆಣಿಸಲು
ಕಲಿಸಿದವರು ಮೂರನೇ ಕ್ಲಾಸಿನ ಮಾಸ್ತರು.
ಉಬ್ಬಿಗೆ ಮೂವತ್ತೊಂದು, ತಗ್ಗಿಗೆ ಮೂವತ್ತು,
ಫೆಬ್ರವರಿ ಬಡಪಾಯಿ.
ಇಪ್ಪತ್ತೆರಡು ವರ್ಷದಿಂದ ಆ ಮುಷ್ಟಿಯ ಅನ್ನವನ್ನೇ ತಿನ್ನುತ್ತಿದ್ದೇನೆ,
ದಿಲ್ಲಿಯಲ್ಲಿ, ಕುಲಶ್ರೇಷ್ಠ ವಕೀಲರ ಗುಮಾಸ್ತ.

ಮುನೀಬಾ ಬಂದದ್ದು ಏಪ್ರಿಲ್ ಇಪ್ಪತ್ತಾರಕ್ಕೆ,
ಮೊರಾದಾಬಾದಿನ ಮೊದಲ ಬಸ್ಸಿಳಿದು.
ಮಿಠಾಯಿ ಡಬ್ಬಿಯ ತುಂಬ ಬಿಲ್ಲು:
ಹಿತ್ತಾಳೆ ತಗಡು ಆರು ಟನ್ನು,
ಹೂಜಿ ನಾಲ್ಕು ಸಾವಿರ, ಹೊಳಪಿನ ಕೂಲಿ ಬೇರೆ.
ಕಾಗದಕ್ಕೂ ಹತ್ತಿತ್ತು ಆ ಪುಡಿಯ ಕಪ್ಪು.

ಮಾಲು ಕೊಂಡ ಕಂಪನಿ ದಿವಾಳಿ.
ಬ್ಯಾಂಕುಗಳು ಎಲೆ ಹಾಕಿಕೊಂಡು ಉಂಡೆದ್ದ ಮೇಲೆ
ಇಕ್ತಿದಾರ್ ಹುಸೇನರ ಪಾಲಿಗೆ ಉಳಿದದ್ದು ಸೊನ್ನೆ.
ಆದೇಶ ಓದಿದ್ದು ಮಾರ್ಚ್ ಹನ್ನೊಂದಕ್ಕೆ, ಅಲಹಾಬಾದಿನಲ್ಲಿ.
ಕೇಳಿಸಿಕೊಂಡು ಮನೆಗೆ ಬಂದರು, ನೀರು ಕೇಳಿದರು,
ಹನ್ನೆರಡರ ಬೆಳಗಿಗೆ ಇರಲಿಲ್ಲ.

ಮೇಲ್ಮನವಿಗೆ ಮೂವತ್ತು ದಿನ.
ತಕ್ಕ ಕಾರಣವಿದ್ದರೆ ಮೇಲೆ ಹದಿನೈದು.
ಅದರಾಚೆಗೆ, ಕಾರಣ ಇದ್ದರೂ ಇಲ್ಲ.

"ತಿಂಗಳೆಂದರೆ ಏಪ್ರಿಲ್ ಹನ್ನೊಂದು,
ಹದಿನೈದು ಕೂಡಿಸಿದರೆ ಇವತ್ತೇ ಅಲ್ಲವೇ?" ಎಂದರು.
ನಲವತ್ತರ ಫಾತಿಹಾ ಮುಗಿಸಿ, ಬಿಲ್ಲು ಹುಡುಕಿ,
ಇದ್ದತ್ತಿನ ಹೊಸ್ತಿಲು ದಾಟಿ
ನಾದಿನಿಯ ಮಾತನ್ನು ಬೆನ್ನಿಗೆ ಹೊತ್ತು ಬಂದಿದ್ದರು.

ನಾನು ಮುಷ್ಟಿ ಕಟ್ಟಿದೆ.
ನಡುಬೆರಳಿನ ಗೆಣ್ಣು, ಮಾರ್ಚ್.
ಅಲ್ಲೇ ಕೂತಿತ್ತು ಅದು, ಒಂದೇ ಒಂದು ದಿನ,
ಮೂಳೆಯಷ್ಟು ಗಟ್ಟಿ.

ಆದರೂ ಹಾಕಿದೆವು. ಹಾಕದೆ ಕಳಿಸುವುದು ಹೇಗೆ?
ಪ್ರತಿಗೆ ಅರ್ಜಿ ಕೊಟ್ಟಿದ್ದರೆ ಆ ದಿನಗಳನ್ನು ಕಳೆಯಬಹುದಿತ್ತು;
ಹೆಣದ ಪಕ್ಕ ಕೂತು ಯಾರು ಅರ್ಜಿ ಬರೆಯುತ್ತಾರೆ?
ಮೇ ತಿಂಗಳಲ್ಲಿ ನಾಲ್ಕು ನಿಮಿಷ ನಡೆಯಿತು.
"ನಮ್ಮ ಕೈ ಕಟ್ಟಿದೆ" ಎಂದರು ಪೀಠದವರು.
ನಿಜವಾಗಿ ಮರುಗಿದರು, ನಾನು ಮುಖ ನೋಡಿದ್ದೇನೆ.
ಮುನ್ನೂರ ಮೂವತ್ತು ದಿನಕ್ಕೆ ಮುಗಿಯಬೇಕಾಗಿದ್ದ ಅದೇ ಕೇಸು
ಒಂಬೈನೂರ ಹದಿನಾಲ್ಕು ದಿನ ಎಳೆದಿತ್ತು.
ಅದಕ್ಕೆ ಯಾರೂ ಬೆರಳು ಮಡಿಸಿರಲಿಲ್ಲ.

ಹೊರಗೆ, ನೀರಿನ ಕೂಲರಿನ ಹತ್ತಿರ,
"ಆ ಲೆಕ್ಕ ಇನ್ನೊಮ್ಮೆ ತೋರಿಸಿ" ಎಂದರು.
ತೋರಿಸಿದೆ. ತಾವೂ ಮುಷ್ಟಿ ಕಟ್ಟಿದರು,
ಗೆರೆಗೆರೆಯಲ್ಲೂ ಹಿತ್ತಾಳೆಯ ಮಸಿ.
ನನ್ನದಕ್ಕಿಂತ ದೊಡ್ಡ ಗೆಣ್ಣುಗಳು.

"ನಮ್ಮ ಚಂದ್ರನಿಗೆ ಇಪ್ಪತ್ತೊಂಬತ್ತು,
ಮೋಡ ಮುಚ್ಚಿದರೆ ಮೂವತ್ತು.
ಈ ಮೂವತ್ತೊಂದು ಯಾರ ದಿನ, ಭಾಯಿ?"

ಆನಂದ ವಿಹಾರದಿಂದ ಮೂರೂವರೆಗೆ ಬಸ್ಸಿದೆ,
ಅದನ್ನು ತಪ್ಪಿಸಿಕೊಳ್ಳಬೇಡಿ, ಎಂದೆ.