ಚಂದ್ರನನ್ನು ತೆಗೆ

ಸಾಂತೊ ದೊಮಿಂಗೊ ಚೌಕದ ಕಮಾನುಗಳ ಕೆಳಗೆ
ಹನ್ನೊಂದನೆಯ ಕಂಬಕ್ಕೆ ಆತುಕೊಂಡ ಮೇಜು ನನ್ನದು.
ಮೊದಲು ದೋನ್ ಎಲೆಉತೇರಿಯೊ ಅವರದಾಗಿತ್ತು.
ಟೈಪ್‌ರೈಟರೂ ಅವರದೇ. ‘ಎರ್ರೆ’ ಅಕ್ಷರದ ಕೀಲಿ ಒತ್ತಿದರೆ
ಮೇಲೇಳುವುದಿಲ್ಲ, ಉಗುರಿಂದ ಮೀಟಬೇಕು.
‘ಅಮೋರ್’ ಎಂದು ಹೊಡೆದಾಗಲೆಲ್ಲ ಕೊನೆಗೆ ಸಿಕ್ಕಿಬೀಳುತ್ತದೆ.
ನಲವತ್ತು ವರ್ಷ ಈ ಕಂಬದ ಬುಡದಿಂದ
ಪ್ರೀತಿ ಹೀಗೇ ತಡವರಿಸುತ್ತ ಅಂಚೆಗೆ ಹೋಗಿದೆ.

ಪುಟಕ್ಕೆ ಮೂವತ್ತು ಪೆಸೊ.
ಬಾಡಿಗೆ ಕರಾರು, ರಾಜೀನಾಮೆ, ನೀರಿನ ಬಿಲ್ಲಿನ ತಕರಾರು,
ಪಕ್ಕದ ಮನೆಯ ಕೋಳಿಯ ಮೇಲೆ ನಗರಸಭೆಗೆ ದೂರು.

ಬಂದಾಗ ನನಗೆ ಇಪ್ಪತ್ತೆರಡು. ಚೀಲದಲ್ಲಿ ನೂರಾ ಹತ್ತು ಕವಿತೆ,
ಒಂದೊಂದರಲ್ಲೂ ಕನಿಷ್ಠ ಎರಡು ಗಾಯ, ಒಂದು ಕಡಲು
(ಕಡಲನ್ನು ಆಗಿನ್ನೂ ನೋಡಿರಲಿಲ್ಲ).
ದೋನ್ ಎಲೆಉತೇರಿಯೊ ಓದಿದರು.
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.
“ಚೆನ್ನಾಗಿದೆ. ಯಾರಿಗೆ ಕಳಿಸಬೇಕು ಇದನ್ನು?”
ನನ್ನ ಹತ್ತಿರ ವಿಳಾಸ ಇರಲಿಲ್ಲ.

ಆ ಚಳಿಗಾಲ ದೋನ್ಯಾ ತ್ರಾನ್ಸಿತೊ ಬಂದಳು,
ಮಿಲ್ಪಾ ಅಲ್ತಾದವಳು. ಪಾಪಸುಕಳ್ಳಿ ಹೆರೆದು ಹೆರೆದು
ಬೆರಳ ತುಂಬ ಮುಳ್ಳಿನ ಕಪ್ಪು ಚುಕ್ಕೆ.
ಮಗ ಫಿದೆನ್ಸಿಯೊ ಜೈಲಿನಲ್ಲಿ.
ಬರೆಯಲು ಹೇಳಿದ್ದು ಇಷ್ಟೇ:
ಹಂದಿ ಮರಿ ಹಾಕಿತು.
ನಿನ್ನ ಅಣ್ಣ ನಿನ್ನ ಬೂಟು ಹಾಕಿಕೊಂಡು ಓಡಾಡುತ್ತಾನೆ,
ಸವೆಸಬೇಡ ಅಂದಿದ್ದೇನೆ.
ಸಾಕೆ? ಎಂದೆ. ಸಾಕು ಎಂದಳು.

ನನಗೆ ಸಾಲಲಿಲ್ಲ.
ಕೆಳಗೆ ಎರಡು ಸಾಲು ಕೈಯಿಂದ ಹಾಕಿದೆ:
ನಿನ್ನ ಕಿಟಕಿಯ ಚಂದ್ರನೇ ಮಗನೇ
ನನ್ನ ಅಂಗಳದಲ್ಲೂ ನಿದ್ದೆಗೆಟ್ಟು ಕೂತಿದ್ದಾನೆ.
ಓದಿ ಹೇಳಿದೆ, ನನ್ನ ದನಿಗೆ ನಾನೇ ಕರಗುತ್ತ.
ಅವಳು ಸೆರಗಿನ ಗಂಟು ಬಿಚ್ಚಿ ನಾಣ್ಯ ಎಣಿಸುತ್ತಿದ್ದವಳು
ತಲೆಯೆತ್ತಿದಳು.
“ಚಂದ್ರನನ್ನು ತೆಗೆ ಮಗಳೇ.
ಅವನಿಗೆ ಕಿಟಕಿ ಇಲ್ಲ.”

ಇಡೀ ಪುಟ ಮತ್ತೆ ಹೊಡೆದೆ.
ಎರಡನೆಯ ಸಲಕ್ಕೆ ಕಾಸು ಕೇಳುವ ಹಾಗಿಲ್ಲ,
ಉಳಿತಾಯಕ್ಕೆಂದು ಅಡಿಗಿಟ್ಟಿದ್ದ ಹಾಳೆಯನ್ನೇ ಮೇಲೆ ತಂದೆ.

ಮೂರು ವಾರಕ್ಕೆ ಉತ್ತರ. ಓದುವುದೂ ನಾನೇ.
ಬೂಟು ಸವೆಯಲಿ ಬಿಡು ಅಮ್ಮ, ಎಂದಿತ್ತು.
“ಇನ್ನೊಮ್ಮೆ.” ಓದಿದೆ. “ಇನ್ನೊಮ್ಮೆ.”
ಮೂರನೆಯ ಸಲ ಅವಳು ನನ್ನನ್ನು ಕೇಳುತ್ತಿರಲಿಲ್ಲ,
ತುಟಿ ತಾನಾಗಿ ಆಡುತ್ತಿತ್ತು.
ಗ್ರಂಥಾಲಯದಲ್ಲಿ ನಾಲ್ಕು ವರ್ಷ
ಗುಳಿಗೆ ನುಂಗಿದಂತೆ ಪುಸ್ತಕ ನುಂಗಿದವಳು ನಾನು.
ಒಂದು ಸಾಲನ್ನು ಅಷ್ಟು ಹೊತ್ತು
ಬಾಯಲ್ಲಿ ಇಟ್ಟುಕೊಂಡದ್ದು ನೆನಪಿಲ್ಲ.

ಈಗ ನಲವತ್ತೇಳು. ನೂರಾ ಹತ್ತರಲ್ಲಿ ಉಳಿದದ್ದು ಮೂರು,
ಒಂದರಲ್ಲಿ ಇನ್ನೂ ಕಡಲಿದೆ. ವೆರಾಕ್ರೂಸಿಗೆ ಹೋಗಿ
ನೋಡಿಬಂದು ತಿದ್ದಿದೆ. ಮೊದಲಿನದೇ ವಾಸಿಯಿತ್ತು.
ಬೆಳೆದೆನೆ? ದಿನಕ್ಕೊಂದು ತರ ಅನಿಸುತ್ತದೆ.
ಚಂದ್ರ ಈಗಲೂ ಬರುತ್ತಾನೆ, ಕರೆಯದೆ,
ಮದುವೆಮನೆಗೆ ಬರುವ ದೂರದ ನೆಂಟನ ಹಾಗೆ,
ಬಂದವನೇ ಪಂಕ್ತಿಯಲ್ಲಿ ಕೂತುಬಿಡುತ್ತಾನೆ.
ಎಬ್ಬಿಸುತ್ತೇನೆ. ಕೆಲವು ಸಲ ಪಾಪ ಅನಿಸಿ ಬಡಿಸುತ್ತೇನೆ.

ಒಂದು ಮಧ್ಯಾಹ್ನ ಮೇಜಿನೆದುರು ಒಬ್ಬ ಬಂದು ನಿಂತ,
ಹೊಸ ಅಂಗಿ, ಹಳೆಯ ಬೂಟು.
ಜೇಬಿನಿಂದ ಮಡಿಕೆಗಳಲ್ಲಿ ಹರಿದ ಒಂದು ಕಾಗದ ತೆಗೆದ.
“ಇದು ನೀವು ಬರೆದದ್ದು ತಾನೆ? ಇಲ್ಲಿ, ಕೊನೆಯಲ್ಲಿ,
ಶಾಯಿಯಿಲ್ಲದೆ ಎರಡು ಸಾಲಿದೆ. ಬರೀ ತಗ್ಗು.
ದೀಪ ಆರಿಸಿದ ಮೇಲೆ ಬೆರಳಿಟ್ಟು ಓದಲು ನೋಡುತ್ತಿದ್ದೆ.
‘ನಿನ್ನ’ ತನಕ ಸಿಗುತ್ತಿತ್ತು. ಏನದು?”

ಅಡಿಯ ಹಾಳೆ. ಒತ್ತಿದ್ದೆಲ್ಲ ಅದಕ್ಕೂ ಮುಟ್ಟಿತ್ತು.
“ಚಂದ್ರ ಇದ್ದ” ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ.
“ಇರಲಿ” ಅಂದ. “ಹಂದಿ ಎಷ್ಟು ಮರಿ ಹಾಕಿತು ಅಂತ
ನೀವು ಬರೆದೇ ಇರಲಿಲ್ಲ.
ಆರು ವರ್ಷ ಎಣಿಸಿದೆ. ಒಂದು ರಾತ್ರಿ ಏಳು,
ಒಂದು ರಾತ್ರಿ ಒಂಬತ್ತು.”

ನಾನು ಕೇಳಿರಲೇ ಇಲ್ಲ ಅವಳನ್ನು.