ಕೋರಂ

ಹಾಜರಿ ಹನ್ನೊಂದು.
ಬೇಕಾದ್ದು ಹನ್ನೆರಡು.
ಕಾರ್ಯದರ್ಶಿ ಬೆರ್ಗ್‌ಲ್ಯೋತ್, ಅಂದರೆ ನಾನು,
ನಡಾವಳಿ ಪುಸ್ತಕ ಬಿಚ್ಚಿ
ಪೆನ್ನಿನ ಮೂತಿಗೆ ಉಸಿರೂದುತ್ತ ಕೂತಿದ್ದೇನೆ.
ಐಸ್‌ಲೆಂಡಿನ ಈ ಮೂಲೆಯಲ್ಲಿ
ಶಾಯಿಗೂ ಚಳಿ.

ಊರಿನ ಜನ ಮುನ್ನೂರ ತೊಂಬತ್ತು,
ಸಂಘಗಳು ಇಪ್ಪತ್ತಾರು.
ಹಾಡುವವರದೊಂದು, ಹೆಣೆಯುವವರದೊಂದು,
ಬೋಳು ಗುಡ್ಡದಲ್ಲಿ ಕಾಡು ಬೆಳೆಸುವವರದೊಂದು
(ಮೂವತ್ತು ವರ್ಷಕ್ಕೆ ಬರ್ಚ್ ಸಸಿಗಳು
ಮೊಣಕಾಲು ಮುಟ್ಟಿವೆ).
ನಾಲ್ಕು ಕಡೆ ಅಧ್ಯಕ್ಷನಾದವನೇ
ಐದನೆಯ ಕಡೆ ಜಗಳಗಂಟ.
ನಮ್ಮದು ಹುಡುಕುವವರ ಸಂಘ:
ಹಿಮದಲ್ಲಿ ದಾರಿ ತಪ್ಪಿದವರನ್ನು,
ಕಡಲು ಬಿಟ್ಟುಕೊಡದವರನ್ನು,
ಬಾಡಿಗೆ ಕಾರಿನಲ್ಲಿ ನದಿ ದಾಟಹೊರಟ ಪ್ರವಾಸಿಗಳನ್ನು.

ಈಸ್ಲೇವುರ್ ಲೆಕ್ಕ ಓದಿದ.
ವರ್ಷದ ಕೊನೆಯ ರಾತ್ರಿ ಪಟಾಕಿ ಮಾರಿದ ದುಡ್ಡಿನಲ್ಲಿ
ಹಗ್ಗ ಇನ್ನೂರು ಮೀಟರು, ಜೀಪಿಗೆ ಟೈರು ಎರಡು.
ಊರು ಒಂದು ಗಂಟೆ ಆಕಾಶಕ್ಕೆ ಸುಟ್ಟದ್ದು
ವರ್ಷವಿಡೀ ನೆಲದ ಮೇಲೆ ಓಡುತ್ತದೆ.
ಸಚಿವಾಲಯದಿಂದ ಒಂದು ಕಾಗದ,
ಬಾಯ್ತುಂಬ ಹೊಗಳಿಕೆ.
'ಇದನ್ನು ಡೀಸೆಲ್ ಟ್ಯಾಂಕಿಗೆ ಸುರಿಯಲೇ?' ಅಂದ ಕೇತಿಲ್.
'ಅವರೇ ನಡೆಸಲಿ ಬಿಡಿ, ಸಂಬಳ ಕೊಟ್ಟು,'
ಅವನ ಮಗಳು.
'ಸಂಬಳದವರು ರಾಜಧಾನಿಯಿಂದ ಬರುವಷ್ಟರಲ್ಲಿ
ನಮ್ಮವರು ಕಲ್ಲಾಗಿರುತ್ತಾರೆ.'
ನಗು ಬಂದವರು ಕೆಮ್ಮಿದರು.

ಆದರೆ ಕೋರಂ?

ಕನಿಷ್ಠ ಅರ್ಧ ಇರಬೇಕು, ನಿಯಮ.
ಪಟ್ಟಿಯಲ್ಲಿ ಇಪ್ಪತ್ಮೂರು.
ಒಂದು ಹೆಸರು ಹೊಡೆದರೆ ಇಪ್ಪತ್ತೆರಡು,
ಅರ್ಧ ಹನ್ನೊಂದು, ಸಭೆ ಊರ್ಜಿತ.
ಅಷ್ಟೇ. ಪೆನ್ನಿನ ಒಂದು ಗೀಟು.

ಹದಿನೇಳನೆಯ ಹೆಸರು ಸ್ಟೇಂಥೋರ್.
ಆರು ವರ್ಷದ ಹಿಂದೆ
ಯಾರದೋ ದೋಣಿ ಹುಡುಕಲು ಹೋದವನು.
ಹನ್ನೊಂದು ದಿನ ಅವನನ್ನು ಹುಡುಕಿದೆವು.
ಎಡಗೈಯ ಗವುಸು ಸಿಕ್ಕಿತು.
ಪ್ರತಿ ಜನವರಿ ಅವನ ತಾಯಿ ಹಾಲ್‌ಬೆರಾ
ಬೂಟಿನ ಹಿಮ ಕೊಡವಿ ಒಳಬಂದು
ಅವನ ಚಂದಾ ಕಟ್ಟುತ್ತಾಳೆ,
ಚಿಲ್ಲರೆ ಎಣಿಸಿ.
ನಾನು ರಸೀದಿ ಬರೆಯುತ್ತೇನೆ, ಅವನ ಹೆಸರಿಗೇ.
ನೀವೇ ಸದಸ್ಯೆಯಾಗಿ ಎಂದೆ ಒಮ್ಮೆ.
'ಮನೆಗೊಂದು ಸಾಕು' ಅಂದಳು.

ಈಗವಳು ಕಾಫಿ ಬಗ್ಗಿಸುತ್ತಿದ್ದಾಳೆ,
ಈಸ್ಲೇವುರ್‌ಗೆ, ಕೇತಿಲ್‌ಗೆ, ನನಗೆ.
ಗೀಟೆಳೆಯಿರಿ ಎಂದು ಸೂಚಿಸುವವರಿಲ್ಲ,
ಅನುಮೋದಿಸುವ ಮಾತಂತೂ ದೂರ.
ಎಲ್ಲರೂ ಲೋಟದೊಳಗೆ ಇಣುಕುತ್ತಿದ್ದಾರೆ,
ಹನ್ನೆರಡನೆಯವನು ತಳದಲ್ಲೇ ಇದ್ದಾನೆಂಬಂತೆ.

ಅಷ್ಟರಲ್ಲಿ ಹನ್ನೊಂದು ಜೇಬುಗಳೂ
ಒಟ್ಟಿಗೇ ಕೂಗಿದವು.

ಕುರ್ಚಿಗಳು ಬಿದ್ದಲ್ಲೇ ಬಿದ್ದವು.

ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ
ಪುಸ್ತಕಕ್ಕಾಗಿ ವಾಪಸು ಬಂದೆ.
ದೀಪ ಉರಿಯುತ್ತಿತ್ತು.
ಕುರ್ಚಿಗಳೆಲ್ಲ ಎದ್ದು ನಿಂತಿದ್ದವು.
ಒಲೆಯ ಪಕ್ಕ ಅವಳು, ಕೋಟು ಬಿಚ್ಚದೆ.
'ಸಿಕ್ಕಿದನಾ?'
ಸಿಕ್ಕಿದ, ಅಂದೆ.
ತಲೆಯಾಡಿಸಿ ಕೆಟಲಿಗೆ ನೀರು ಹಿಡಿದಳು.

ಬೆರಳು ಬೆಚ್ಚಗಾದ ಮೇಲೆ ಬರೆದೆ:
ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ.
ಬ್ರೆಡ್ ವ್ಯಾನಿನ ಚಾಲಕ ಜೀವಂತ,
ಒಂದು ಕಾಲು ಮುರಿದಿದೆ.
ಪಟ್ಟಿಯಲ್ಲಿ ಬದಲಾವಣೆ ಇಲ್ಲ.
ಶೆಡ್ಡಿನ ಮಾಡು ಸೋರುವ ವಿಷಯ
ಮುಂದಿನ ಸಭೆಗೆ.