ಮೂವತ್ತು ಸೆಕೆಂಡಿಗಿಂತ ಚಿಕ್ಕವು

ಯಾರೋ ಒಬ್ಬ ಪುಣ್ಯಾತ್ಮ, ಯಾವ ಊರೋ ಗೊತ್ತಿಲ್ಲ,
ಹಳೇ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಸುರಿದು
ಇಂಟರ್ನೆಟ್ ರೇಡಿಯೋ ಅಂತ ಹೆಸರಿಟ್ಟು
ಇರುಳಿಡೀ ಬಿಡುತ್ತಾನೆ.
ಯಾವಾಗ ಏನು ಬರುತ್ತದೆಂಬ ಪಟ್ಟಿಯಿಲ್ಲ.
ಎರೆಗೊಬ್ಬರದ ಮಾತಿನ ಬೆನ್ನಿಗೇ ಹರಿಕಥೆ,
ಹರಿಕಥೆಯ ನಡುವೆ ಎಂಬತ್ತಾರನೇ ಇಸವಿಯ ಹವಾಮಾನ:
‘ನಾಳೆ ಒಣಹವೆ.’
ಆ ನಾಳೆ ಎಂದೋ ಆಗಿಹೋಗಿದೆ.

ನಮ್ಮದು ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ.
ಅಮ್ಮ ಇಪ್ಪತ್ತೆರಡು ವರ್ಷ ಬಿಸಿನೀರಿಗೆ ಕೈಯಿಟ್ಟು
ರೇಷ್ಮೆ ಬಿಚ್ಚಿದವಳು.
ಬೆರಳ ತುದಿಯಲ್ಲಿ ಗೆರೆ ಉಳಿದಿಲ್ಲ;
ಆಧಾರ್ ಹುಡುಗ ಮೂರು ಸಲ ಒತ್ತಿಸಿ
‘ನೀವು ಸಿಗ್ತಾನೇ ಇಲ್ಲ ಅಜ್ಜಿ’ ಅಂದಿದ್ದ.

‘ರೇಡಿಯೋದಲ್ಲಿ ಬಂದಿದ್ದೆ ನಾನು’
ಅಂತ ಅಮ್ಮ ಆಗಾಗ ಹೇಳುವಳು, ಅದೂ ಯಾರೂ ಕೇಳದಿದ್ದಾಗ.
ಮೆಹರುನ್ನೀಸಾ ಕಾರ್ಡು ಬರೆದಳಂತೆ, ಏಳನೇ ಕ್ಲಾಸಿನ ಕನ್ನಡದಲ್ಲಿ,
ಚರಕದ ಸಾಲಿನ ಎಲ್ಲರ ಹೆಸರೂ ಸೇರಿಸಿ.
ಮೂಲೆಗೆ ಹುಳದ ನೀರು ತಾಗಿ ಕಲೆಯಾಗಿತ್ತಂತೆ.
ಕೋರಿದ ಹಾಡು ಯಾವುದಮ್ಮ ಅಂದರೆ
‘ಯಾವುದೋ ಒಂದು. ಹಾಡು ಯಾರಿಗೆ ಬೇಕಿತ್ತು?’

ಹಾಗಾಗಿ ಕಂಪ್ಯೂಟರನ್ನು ರಾತ್ರಿ ಕಾವಲಿಗೆ ಕೂರಿಸಿದೆ.
ಮೊದಮೊದಲು ಮೈಕು ತೆರೆದಿದ್ದು
ಪಕ್ಕದ ಮನೆ ನಾಯಿಯೂ ರೆಕಾರ್ಡಾಯಿತು; ಸರಿಮಾಡಿದೆ.
ಕರೆಂಟು ಹೋಗುವ ರಾತ್ರಿಗಳಿಗೆ ಹಳೇ ಯುಪಿಎಸ್ ತಂದೆ,
ಹನ್ನೆರಡು ನಿಮಿಷ ಕೂಗಿ ಸಾಯುತ್ತದೆ ಅದು.
ಸಾಫ್ಟ್‌ವೇರ್ ಪುಕ್ಕಟೆಯದು, ಆದರೂ ಜಾಣ:
ಹಾಡು ಹಾಡಾಗಿ ಕತ್ತರಿಸಿ, ನಂಬರು ಹಚ್ಚಿ,
ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ನಲವತ್ತೇಳು ಹಾಡು ಸಿದ್ಧ.

ಹನ್ನೊಂದು ವಾರ.
ಸಾವಿರದ ಮೇಲೆ ಹಾಡು. ಒಂದರಲ್ಲೂ ಹೆಸರಿಲ್ಲ.

ಆಮೇಲೊಂದು ದಿನ ಸೆಟ್ಟಿಂಗ್ಸಿನ ತಳದಲ್ಲಿ ಕಣ್ಣಿಗೆ ಬಿತ್ತು,
ಯಾರೋ ಮೊದಲೇ ಟಿಕ್ ಹಾಕಿಟ್ಟ ಸಾಲು:
ಮೂವತ್ತು ಸೆಕೆಂಡಿಗಿಂತ ಚಿಕ್ಕವನ್ನು ಬಿಸಾಡು.

ಅಂದರೆ ಹಾಡಿಗೆ ಮುಂಚಿನ ಆ ಗಂಟಲ ಕೆಮ್ಮು,
ಕಾರ್ಡುಗಳನ್ನು ಸರಿಸುವ ಸದ್ದು,
ಚಿಂತಾಮಣಿಯಲ್ಲಿ, ಬಾಗೇಪಲ್ಲಿಯಲ್ಲಿ, ಮಾಲೂರಿನಲ್ಲಿ
ಹದಿನೈದು ಪೈಸೆ ಕೊಟ್ಟು ಕಿವಿಯಾಗಿ ಕೂತವರೆಲ್ಲ
ಕಸ. ದಿನಾ ನಾನೇ ಗುಡಿಸಿ ಹಾಕಿಸಿದ್ದೆ.
ಅಮ್ಮನಿಗೆ ಹೇಳಿದೆ. ಬೈಯಲಿಲ್ಲ, ಅಚ್ಚರಿಪಟ್ಟಳು:
‘ಸಿಕ್ಕುನೂಲನ್ನ ಯಾರಾದ್ರೂ ಬಿಸಾಡ್ತಾರಾ?
ಅದನ್ನೂ ತೂಗಿ ದುಡ್ಡು ಕೊಡ್ತಿದ್ರು ನಮಗೆ.’

ಎಲ್ಲ ತಿರುಗಾಮುರುಗಾ ಮಾಡಿದೆ.
ಹಾಡು ಕಸಕ್ಕೆ, ಚೂರು ಉಗ್ರಾಣಕ್ಕೆ.
ಈಗ ಫೋಲ್ಡರಿನ ತುಂಬ ಜನ.
ಗುಡಿಬಂಡೆಯ ನಾಗವೇಣಿ, ಅವಳ ತಮ್ಮ,
ಒಮ್ಮೆ ಅವರ ಮನೆಯ ಎಮ್ಮೆಯೂ (ಓದುವವನೇ ನಕ್ಕುಬಿಡುತ್ತಾನೆ).
ಬಂಗಾರಪೇಟೆ ರೈಲ್ವೆ ಗೇಟಿನ ಡೇವಿಡ್ ರಾಜ್,
ವಾರವಾರವೂ, ಒಬ್ಬನೇ.

ಮೊನ್ನೆ ಬೆಳಗಿನ ಜಾವ ಮೂರೂ ಹತ್ತರದು.
ಹತ್ತೊಂಬತ್ತು ಸೆಕೆಂಡು.
‘ಶಿಡ್ಲಘಟ್ಟದಿಂದ ಮೆಹರುನ್ನೀಸಾ, ಪಾಪಮ್ಮ,
ಗುಲ್ಜಾರ್, ಅಶ್ವತ್ಥಮ್ಮ...’
ಉಸಿರೆಳೆದುಕೊಂಡ. ಹೊತ್ತು ಮೀರಿತ್ತೋ ಏನೋ.
‘ಮತ್ತು ಸಂಗಡಿಗರು.’
ಪಿಟೀಲು ಶುರುವಾಗುವಲ್ಲಿಗೆ ಕತ್ತರಿ.

ನಾಲ್ಕು ಸಲ ಕೇಳಿದೆ. ಮುನಿರತ್ನಮ್ಮ ಇಲ್ಲ.
ಅಳಿಸಿಬಿಡಲೇ ಅಂತಲೂ ಅನ್ನಿಸಿತು,
ಸಿಗಲಿಲ್ಲ ಅಂದರಾಯಿತು.

ಅಮ್ಮ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.
ಖುಷಿಯಾದಾಗ ಅವಳ ಬಾಯಿಗೆ ತೆಲುಗೇ ಬರುವುದು:
‘ಅದಿಗೋ, ನೇನೇ!’

ಪರದೆಯ ಮೇಲಿನ ಹಸಿರು ಅಲೆಯಲ್ಲಿ
ಕೊನೆಯ ಪುಟ್ಟ ದಿಬ್ಬದ ಮೇಲೆ ಬೆರಳಿಟ್ಟಳು,
ಆ ನುಣುಪು ಬೆರಳು.

‘ಇನ್ನೊಂದ್ಸಲ ಹಾಕು.
ಪಿಟೀಲಿಗೆ ಮುಂಚೆ ನಿಲ್ಲಿಸು.’